ಮನ್ರೋವಿಯಾದ ಬೀದಿಯಲ್ಲಿ ನಮ್ಮ ಹೆಣ್ಣುಮಕ್ಕಳು

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ವಿಶ್ವಶಾಂತಿ ಮತ್ತು ಭಾರತ’. ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು, ಇವಳಿಗೆ ಇದು ಸುಲಭ ಎಂದು ಅಂದುಕೊಂಡಿರಬೇಕು. ವಿಶ್ವಸಂಸ್ಥೆ ಸ್ಥಾಪನೆ 1945ರ ಅಕ್ಟೋಬರ್ 24, ಕೇಂದ್ರ ಕಚೇರಿ ನ್ಯೂಯಾರ್ಕ್ ಎಂದು ಬರೆದರೆ ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೆ. ಆದರೆ ಒಂದು ದೇಶ ಕಷ್ಟದಲ್ಲಿರುವ ಇನ್ನೊಂದು ದೇಶಕ್ಕೆ ನೆರವಾಗಲು ಹೋದಾಗ ಅಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದು ಆ ಎರಡು ಅಂಕದೊಳಗೆ ಬರುವುದಿಲ್ಲ. ಹಾಗಾಗಿ ಒಂದೇ ಉದಾಹರಣೆ ಹಿಡಿದು ಮಾತಾಡುತ್ತೇನೆ.

ಆ ಉದಾಹರಣೆಗೂ ನಮ್ಮ ಊರಿಗೂ ಒಂದು ಎಳೆ ಇದೆ. 2023ರ ಜನವರಿ 14ರಂದು ನಮ್ಮ ಭದ್ರಾವತಿಯಲ್ಲಿ ಕೇಂದ್ರ ಗೃಹ ಸಚಿವರು ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ ಶಂಕುಸ್ಥಾಪನೆ ಮಾಡಿದರು. ನೀಲಿ ಬಣ್ಣದ ಸಮವಸ್ತ್ರದ ಆ ಪಡೆಯನ್ನು ನಾವೆಲ್ಲ ಆರ್‌ಎಎಫ್ ಎನ್ನುತ್ತೇವೆ. ಗಲಭೆ ಆದಲ್ಲಿ ಬಂದಿಳಿಯುವ ಪಡೆ ಎಂಬಷ್ಟೇ ಹೆಚ್ಚಿನವರಿಗೆ ಗೊತ್ತು. ಅದು ಸಿಆರ್‌ಪಿಎಫ್‌ನ, ಅಂದರೆ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಒಂದು ಅಂಗ. ಇದೇ ಸಿಆರ್‌ಪಿಎಫ್‌ನ ಹೆಣ್ಣುಮಕ್ಕಳು 2007ರಲ್ಲಿ ಆಫ್ರಿಕಾದ ಲೈಬೇರಿಯಾ ದೇಶಕ್ಕೆ ಹೋದರು. ವಿಶ್ವಸಂಸ್ಥೆಯ ಚರಿತ್ರೆಯಲ್ಲಿ ಪೂರಾ ಮಹಿಳೆಯರದೇ ಆದ ಪೊಲೀಸ್ ತುಕಡಿ ಒಂದು ದೇಶಕ್ಕೆ ಹೋಗಿದ್ದು ಅದೇ ಮೊದಲು.

ಕನ್ನಡ ನಾಡಿನವರು ಇಂಥ ಕೆಲಸಕ್ಕೆ ಹೋಗಿದ್ದು ಹೊಸದೇನಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತ ಮೇಲೆ ಯುದ್ಧಕೈದಿಗಳ ವಿಲೇವಾರಿ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ತಾಯ್ನಾಡಿಗೆ ಮರಳಲು ಒಪ್ಪದ ಕೈದಿಯನ್ನು ಬಲವಂತವಾಗಿ ಕಳಿಸಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಆಮೇಲೆ 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಆದರೆ ಅದು ಸೈನಿಕರ ಕೆಲಸ, ಎರಡು ಪಂಗಡಗಳ ನಡುವೆ ನಿಂತು ಕಾಯುವುದು. ಲೈಬೇರಿಯಾದಲ್ಲಿ ಬೇಕಾಗಿದ್ದು ಬೇರೆ.

ಲೈಬೇರಿಯಾದಲ್ಲಿ 1989ರಿಂದ 2003ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಅಂತರ್ಯುದ್ಧ. ಸತ್ತವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು. ನಮ್ಮ ಏಳನೇ ಕ್ಲಾಸಿನ ಹುಡುಗರ ವಯಸ್ಸಿನವರ ಕೈಗೆ ಬಂದೂಕು ಕೊಟ್ಟರು. ಹೆಂಗಸರ ಮೇಲೆ ನಡೆದ ಅತ್ಯಾಚಾರಗಳನ್ನು ಮಕ್ಕಳೆದುರು ವಿವರಿಸಲಾರೆ. ಒಂದನ್ನು ಮಾತ್ರ ಗಮನಿಸಿ. ಹಾಗೆ ಮಾಡಿದವರಲ್ಲಿ ಸಮವಸ್ತ್ರ ತೊಟ್ಟವರೂ ಇದ್ದರು.

ಆ ಯುದ್ಧ ನಿಂತಿದ್ದಕ್ಕೆ ಹೊರಗಿನವರಿಗೆ ಪೂರ್ತಿ ಶ್ರೇಯಸ್ಸು ಕೊಡುವುದು ತಪ್ಪು. 2003ರಲ್ಲಿ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರದ ಬಯಲಿನಲ್ಲಿ ಹೆಂಗಸರು ಬಿಳಿ ಬಟ್ಟೆ ಉಟ್ಟು ಬಂದು ಕೂತರು. ಕ್ರೈಸ್ತರೂ ಇದ್ದರು, ಮುಸ್ಲಿಮರೂ ಇದ್ದರು. ಮಳೆಗೆ ಏಳಲಿಲ್ಲ, ಬಿಸಿಲಿಗೆ ಏಳಲಿಲ್ಲ. ಲೇಮಾ ಬೋವೀ ಎಂಬಾಕೆ ಅವರ ಮುಂದಾಳು. ಘಾನಾ ದೇಶದ ಅಕ್ರಾದಲ್ಲಿ ಸಂಧಾನ ಎಳೆದಾಡುತ್ತಿದ್ದಾಗ ಇವರು ಅಲ್ಲಿಗೂ ಹೋದರು. ಮಾತುಕತೆಯ ಕೋಣೆ ಬಾಗಿಲಿಗೆ ಅಡ್ಡ ಕೂತು, ಒಪ್ಪಂದದ ಮಾತಾಡದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ನಮ್ಮ ಅಕ್ಕಂದಿರನ್ನು ಕಣ್ಣ ಮುಂದೆ ತಂದುಕೊಳ್ಳಿ, ಆಗ ಅರ್ಥವಾಗುತ್ತದೆ. ಆಗಸ್ಟ್‌ನಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಕುರ್ಚಿ ಬಿಟ್ಟ, ಒಪ್ಪಂದಕ್ಕೆ ಸಹಿ ಬಿತ್ತು. 2005ರ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು ಆಫ್ರಿಕಾದ ಮೊದಲ ಚುನಾಯಿತ ಮಹಿಳಾ ಅಧ್ಯಕ್ಷೆಯಾದರು. 2011ರಲ್ಲಿ ಈ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ಹೋದವರು ನಮ್ಮವರು. ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರು, ಅಡುಗೆ, ವಾಹನದಂಥ ಕೆಲಸಕ್ಕೆ ಕೆಲವು ಗಂಡಸರು. ವರ್ಷಕ್ಕೊಮ್ಮೆ ತುಕಡಿ ಬದಲಾಗುತ್ತಿತ್ತು. ಅಧ್ಯಕ್ಷೆಯ ಕಚೇರಿಗೆ ಕಾವಲು, ಲೈಬೇರಿಯಾ ಪೊಲೀಸರ ಜತೆ ರಾತ್ರಿ ಗಸ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ವಿಶ್ವಸಂಸ್ಥೆಯ ಪೊಲೀಸರಿಗೆ ಅಲ್ಲಿ ದಸ್ತಗಿರಿ ಮಾಡುವ ಅಧಿಕಾರ ಇರಲಿಲ್ಲ. ಬೆನ್ನಿಗೆ ನಿಲ್ಲುವುದು ನಮ್ಮವರ ಪಾಲು, ಹಿಡಿಯುವುದು, ಕೇಸು ಹಾಕುವುದು ಆ ದೇಶದ ಪೊಲೀಸರ ಪಾಲು. ಹೊರಗಿನವರು ಬಂದು ರಾಜ್ಯಭಾರ ಮಾಡುವುದಕ್ಕೂ ನೆರವಾಗುವುದಕ್ಕೂ ಇರುವ ಅಂತರ ಇದೇ.

ಅತ್ಯಾಚಾರಕ್ಕೆ ಒಳಗಾದ ಹೆಣ್ಣು ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಸಮವಸ್ತ್ರದ ಭಯ ಹೋಗಬೇಕು. ಆ ಭಯ ಕಾನೂನು ಓದಿ ಹೇಳಿದರೆ ಹೋಗುವಂಥದ್ದಲ್ಲ. ಸಮವಸ್ತ್ರದೊಳಗೆ ತನ್ನಂಥ ಹೆಂಗಸೇ ಇದ್ದಾಳೆ ಎಂದು ದಿನವೂ ಕಣ್ಣಿಗೆ ಬೀಳಬೇಕು. ಗಸ್ತು ಮುಗಿದ ಮೇಲೆ ನಮ್ಮವರು ಅಲ್ಲಿನ ಹುಡುಗಿಯರಿಗೆ ಆತ್ಮರಕ್ಷಣೆ, ಪ್ರಥಮ ಚಿಕಿತ್ಸೆ, ಕಂಪ್ಯೂಟರ್, ಕಡೆಗೆ ನಮ್ಮ ನೃತ್ಯವನ್ನೂ ಕಲಿಸಿದರು. 2014ರಲ್ಲಿ ಎಬೋಲಾ ಬಂದು ಆ ಪುಟ್ಟ ದೇಶದಲ್ಲಿ 4,800ಕ್ಕೂ ಹೆಚ್ಚು ಜನ ಸತ್ತಾಗಲೂ ತುಕಡಿ ಅಲ್ಲೇ ಇತ್ತು. 2016ರ ಫೆಬ್ರವರಿಯಲ್ಲಿ ಕೊನೆಯ ತಂಡ ಹಿಂದಿರುಗುವಾಗ ವಿಶ್ವಸಂಸ್ಥೆ ಹೇಳಿದ ಲೆಕ್ಕ ಇದು: ಲೈಬೇರಿಯಾದ ಭದ್ರತಾ ಪಡೆಗಳಲ್ಲಿ ಮಹಿಳೆಯರು ಹತ್ತು ವರ್ಷಗಳ ಹಿಂದೆ ಶೇ. 6 ಇದ್ದರು, ಈಗ ಶೇ. 17.

ಇದನ್ನೆಲ್ಲ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಕೂರುವುದು ನನಗೆ ಒಗ್ಗದು. ನೆರವಿಗೆ ಹೋದವರೇ ಹಾನಿ ಮಾಡಿದ್ದೂ ಉಂಟು. ಇದೇ ಲೈಬೇರಿಯಾ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಪರಿಹಾರ ಕಾರ್ಯಕರ್ತರು ಕಾಳುಕಡಿಗೆ ಬದಲಾಗಿ ಹುಡುಗಿಯರನ್ನು ಬಳಸಿಕೊಂಡ ಸಂಗತಿ 2002ರಲ್ಲಿ ಬಯಲಾಯಿತು. 2010ರಲ್ಲಿ ಹೈಟಿಗೆ ಕಾಲರಾ ಬಂದಿದ್ದು ಶಾಂತಿಪಡೆಯ ಶಿಬಿರದ ಹೊಲಸಿನಿಂದ. ಅದರಲ್ಲಿ ತನ್ನ ಪಾತ್ರವಿದೆ ಎಂದು ವಿಶ್ವಸಂಸ್ಥೆ ಒಪ್ಪಿಕೊಳ್ಳಲು ಆರು ವರ್ಷ ಹಿಡಿಯಿತು. ಕಾಂಗೋದಲ್ಲಿ ನಮ್ಮ ಸೈನಿಕರ ಮೇಲೂ ದೂರು ಬಂದು ಸೇನೆ ವಿಚಾರಣೆ ನಡೆಸಬೇಕಾಯಿತು. ನೀಲಿ ಟೊಪ್ಪಿ ಹಾಕಿದ ಮಾತ್ರಕ್ಕೆ ಯಾರೂ ದೇವರಾಗುವುದಿಲ್ಲ. ನೆರವು ಪಡೆದವರು ನೆರವು ಕೊಟ್ಟವರನ್ನು ಪ್ರಶ್ನೆ ಕೇಳುವ ದಾರಿ ಇರಬೇಕು, ಅದೂ ಮಾನವ ಹಕ್ಕೇ.

ಹಾಗಾದರೆ ಒಳ್ಳೆಯ ನೆರವನ್ನು ಗುರುತಿಸುವುದು ಹೇಗೆ? ಭದ್ರಾವತಿಯವರು ಇದಕ್ಕೆ ಪುಸ್ತಕ ನೋಡಬೇಕಾಗಿಲ್ಲ. ನಮ್ಮ ಕಬ್ಬಿಣದ ಕಾರ್ಖಾನೆ ಶುರುವಾದಾಗ ಸಲಹೆಗಾರರು ಅಮೆರಿಕದ ಪೆರಿನ್ ಮತ್ತು ಮಾರ್ಷಲ್ ಕಂಪನಿಯವರು. 1923ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತದ ಹೊಣೆ ಹೊತ್ತ ಮೇಲೆ ಆ ಕೆಲಸಗಳಿಗೆ ನಮ್ಮವರನ್ನೇ ತಯಾರು ಮಾಡಿದರು. ಬಂದವರು ಹೋದರು, ಕುಲುಮೆ ಆರಲಿಲ್ಲ. ಎಷ್ಟೋ ದಶಕ ಈ ಊರಿನ ಒಲೆಗಳು ಉರಿದಿದ್ದು ಅದರಿಂದ. ಕಾರ್ಖಾನೆಯ ಇವತ್ತಿನ ಪಾಡು ನಿಮಗೆಲ್ಲ ಗೊತ್ತಿದೆ, ಅದು ಬೇರೆ ದಿನದ ಮಾತು. ಲೈಬೇರಿಯಾದಲ್ಲೂ ಅಷ್ಟೆ. ವಿಶ್ವಸಂಸ್ಥೆಯ ಪಡೆ 2018ರ ಮಾರ್ಚ್‌ನಲ್ಲಿ ಪೂರ್ತಿ ಹೊರಟಿತು. 2023ರ ಚುನಾವಣೆಯಲ್ಲಿ ಅಲ್ಪ ಅಂತರದಲ್ಲಿ ಸೋತ ಅಧ್ಯಕ್ಷ ಜಾರ್ಜ್ ವೇಯಾ ಸೋಲೊಪ್ಪಿ ಅಧಿಕಾರ ಬಿಟ್ಟುಕೊಟ್ಟರು. ಆಗ ಕಾಯಲು ಹೊರಗಿನ ಪಡೆ ಇರಲಿಲ್ಲ.

ಇನ್ನು ನಮ್ಮ ಮನೆಯ ಲೆಕ್ಕ. ಲೈಬೇರಿಯಾಕ್ಕೆ ದಾರಿ ತೋರಿಸಲು ಹೋದ ಭಾರತದ ಪೊಲೀಸರಲ್ಲಿ ಮಹಿಳೆಯರು ಇವತ್ತಿಗೂ ಶೇ. 12ರ ಆಸುಪಾಸು. ನಮ್ಮ ಬೀದಿಯಲ್ಲೇ ಒಬ್ಬ ತಾಯಿ ನನ್ನ ಹತ್ತಿರ, “ಟೀಚರಮ್ಮ, ಮಗಳು ಪೊಲೀಸ್ ಕೆಲಸ ಅಂತ ಹಟ ಹಿಡಿದಿದ್ದಾಳೆ, ನೀವಾದರೂ ಬುದ್ಧಿ ಹೇಳಿ” ಎಂದರು. ನಾನು ಬುದ್ಧಿ ಹೇಳಿದ್ದು ತಾಯಿಗೆ.

ಈ ಸಭೆಯಲ್ಲೂ ಅಂಥ ಹುಡುಗಿಯರು ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು. ವಯಸ್ಸು 18ರಿಂದ 23, ಮೀಸಲಾತಿ ಇದ್ದವರಿಗೆ ಸಡಿಲಿಕೆ ಉಂಟು. ಹೆಣ್ಣುಮಕ್ಕಳಿಗೆ ಎತ್ತರ ಸಾಮಾನ್ಯವಾಗಿ 157 ಸೆಂಟಿಮೀಟರ್. ಮೊದಲು ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು, 2024ರಿಂದ ಕನ್ನಡದಲ್ಲೂ ಬರೆಯಬಹುದು. ಓಟದ ಅಭ್ಯಾಸಕ್ಕೆ ಶಾಲೆಯ ಮೈದಾನವನ್ನು ಬೆಳಿಗ್ಗೆ ಆರಕ್ಕೆ ತೆರೆದುಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಈ ವೇದಿಕೆಯಿಂದಲೇ ಕೇಳುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ನಿವೃತ್ತ ಸೈನಿಕರು, ಪೊಲೀಸರು ಇದ್ದೀರಿ, ವಾರಕ್ಕೆರಡು ದಿನ ಬಂದು ನಿಲ್ಲಿ.