ಐದು ಕೋಣೆಯ ಮನೆ



ಬೆಂಗಳೂರಿನಲ್ಲಿರುವ ಮೊಮ್ಮಗ ಒಂದು ದಿನ ಫೋನು ಮಾಡಿ, "ಅಜ್ಜ, ನಿಮಗೂ ಅಜ್ಜಿಗೂ ಹೊನ್ನಾವರದ ಹತ್ತಿರ ಕಡಲ ದಂಡೆಯಲ್ಲಿ ಒಂದು ಬೊಟಿಕ್ ಹೋಟೆಲಿನಲ್ಲಿ ಎರಡು ರಾತ್ರಿಗೆ ಕೋಣೆ ಗೊತ್ತುಮಾಡಿದ್ದೇನೆ" ಎಂದಾಗ ನಾನು ಕೊಂಚ ಗಲಿಬಿಲಿಗೊಂಡೆ. ನಮ್ಮ ಶಿವಮೊಗ್ಗೆಯಲ್ಲಿ ಬೊಟಿಕ್ ಎಂದು ಫಲಕ ತೂಗುಹಾಕಿದ ಅಂಗಡಿಗಳುಂಟು. ಅಲ್ಲಿ ಹೆಂಗಸರ ರವಿಕೆಗಳನ್ನು ಹೊಲಿಯುತ್ತಾರೆ. ಹೊಲಿಗೆಯಂಗಡಿಯಲ್ಲಿ ಮಲಗುವುದೆಂತು? ಆಮೇಲೆ ವಿಚಾರಿಸಿ ತಿಳಿದದ್ದು ಇಷ್ಟು: ಆ ಶಬ್ದ ಫ್ರೆಂಚರದು, ಅರ್ಥ ಸಣ್ಣ ಅಂಗಡಿ. ನ್ಯೂಯಾರ್ಕಿನಲ್ಲಿ 1984ರಲ್ಲಿ ತೆರೆದ ಮಾರ್ಗನ್ಸ್ ಎಂಬ ಪುಟ್ಟ ಹೋಟೆಲಿನಿಂದೀಚೆಗೆ, ಕೆಲವೇ ಕೋಣೆಗಳಿದ್ದು ಒಂದೊಂದಕ್ಕೂ ತನ್ನದೇ ಚೆಹರೆಯಿರುವ ವಸತಿಗೃಹಗಳಿಗೆ ಈ ಹೆಸರು ಅಂಟಿಕೊಂಡಿತಂತೆ. ನೂರು ಕೋಣೆಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಹೋಟೆಲುಗಳಿಂದ ಬೇಸತ್ತವರು ಕಂಡುಕೊಂಡ ದಾರಿ ಅದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಎರಕದ ಮನೆಯಲ್ಲಿ ದುಡಿದ ನನಗೆ ಅಚ್ಚಿನ ಮಾತು ಬೇಗ ಅರ್ಥವಾಯಿತು.

ಅರ್ಥವಾಗದೆ ಉಳಿದದ್ದು ಬೇರೊಂದು. ಹೋಗಲು ನನ್ನ ಹೆಂಡತಿ ಒಪ್ಪಿದಳು. ಐವತ್ತು ವರ್ಷಗಳ ಸಂಸಾರದಲ್ಲಿ ನಾವು ರಾಮೇಶ್ವರದ ಕಡಲನ್ನು ಕಂಡಿದ್ದೇವೆ, ಉಡುಪಿಗೆ ಹೋದಾಗ ಮಲ್ಪೆಯದನ್ನೂ ಕಂಡಿದ್ದೇವೆ. ಆದರೆ ಸಾಗರ, ಜೋಗಗಳ ಮೇಲೆ ಹೊನ್ನಾವರಕ್ಕೆ ಇಳಿಯುವ ದಾರಿಯೆಂದರೆ, "ಆ ದಾರಿ ಬೇಡ" ಎನ್ನುವುದು ಅವಳ ರೂಢಿ. ಕಾರಣವನ್ನು ನಾನು ಕೇಳುತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವಳ ತವರು ಕರೂರು ಸೀಮೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ನೀರು 1819 ಅಡಿಯ ಮಟ್ಟಕ್ಕೆ ಏರುವ ಲೆಕ್ಕವಾದಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಆಗ ಅವಳಿಗೆ ಹತ್ತು ವರ್ಷ. ಮನೆಯ ಹೆಂಚು, ತೊಲೆ, ಬಾಗಿಲುಗಳನ್ನು ಕಳಚಿ ಲಾರಿಗೆ ಹೇರಿದ್ದನ್ನೂ, ಬಚ್ಚಲ ಹಂಡೆಯ ಜೊತೆಯಲ್ಲಿ ತಾನು ಕುಳಿತು ಬಂದದ್ದನ್ನೂ ಅವಳು ಮಕ್ಕಳಿಗೆ ಕಥೆಯ ಹಾಗೆ ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಶಿವಮೊಗ್ಗೆಯ ಕಡೆಯ ಕಾಡಿನಂಚಿನಲ್ಲಿ ಮಾವನವರು ಕಟ್ಟಿದ ಹೊಸ ಮನೆಗೆ ವಿದ್ಯುದ್ದೀಪ ಬಂದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ. ಅತ್ತೆಯವರು ತೀರಿಕೊಂಡ ಬಳಿಕ ಭಾವಮೈದುನರು ಚದುರಿದರು. ಆ ಮನೆಯೂ ಕೈಬಿಟ್ಟಿತು.

ಮಾಘ ಮಾಸದ ಒಂದು ಬೆಳಗ್ಗೆ ಹೊರಟೆವು. ಶಿವಮೊಗ್ಗೆಯಿಂದ ಹೊನ್ನಾವರಕ್ಕೆ ಸುಮಾರು ನೂರ ಅರವತ್ತು ಕಿಲೋಮೀಟರು. ನಮ್ಮ ಕಾಲದ 206ನೆಯ ಹೆದ್ದಾರಿ ಈಗ 69 ಆಗಿದೆ. ತಿರುವುಗಳು ಮಾತ್ರ ಹಳೆಯವೇ. ಸಾಗರದಲ್ಲಿ ಕಾಫಿ ಕುಡಿಯುವಾಗ ಯಾರೋ ಹೊಸ ಸೇತುವೆಯ ಮಾತೆತ್ತಿದರು. ಹಿನ್ನೀರಿನಾಚೆಯ ತುಮರಿಯ ಜನ ಸುಮಾರು ಅರವತ್ತು ವರ್ಷ ಲಾಂಚನ್ನು ಕಾಯುತ್ತ ಕಳೆದ ಮೇಲೆ, 2025ರ ಜುಲೈಯಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. "ನೋಡಿ ಬರೋಣವೆ?" ಎಂದೆ. "ನೀರಿನ ಮೇಲೆ ನಿಂತು ಏನನ್ನು ನೋಡಲಿ? ಮುಂದೆ ನಡೆಯಿರಿ" ಎಂದಳು.

ಜೋಗದಲ್ಲಿ ನನಗೆ ಹಳೆಯ ಬಂಗಲೆಗಳ ನೆನಪಾಯಿತು. 1956ರ ನವೆಂಬರ್ ಒಂದರವರೆಗೆ ಶರಾವತಿಯ ಆಚೆ ದಡ ಬೊಂಬಾಯಿಯದು, ಈಚೆ ದಡ ಮೈಸೂರಿನದು. ಎರಡು ಸರಕಾರಗಳೂ ತಂತಮ್ಮ ದಡದಲ್ಲಿ ಬಂಗಲೆ ಕಟ್ಟಿಸಿ ಒಂದೇ ಜಲಪಾತವನ್ನು ನೋಡುತ್ತಿದ್ದವು. ಅಲ್ಲಿ ತಂಗಬೇಕಾದರೆ ಅಧಿಕಾರಿಯ ಚೀಟಿ ಬೇಕು. ಬಡವರಿಗೆ ಛತ್ರ, ಸಾಹೇಬರಿಗೆ ಬಂಗಲೆ, ಉಳಿದವರಿಗೆ ನೆಂಟರ ಮನೆ ಎಂಬುದು ಆ ಕಾಲದ ವ್ಯವಸ್ಥೆ. ಹಣ ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಣ್ಣುವುದೆಂದರೆ ನಮ್ಮ ಹಿರಿಯರಿಗೆ ಸಂಕೋಚವಿತ್ತು; ಹಣ ತೆಗೆದುಕೊಂಡು ಬಡಿಸುವುದಕ್ಕಂತೂ ಇನ್ನೂ ಹೆಚ್ಚು.

ಗೇರುಸೊಪ್ಪೆಯ ಘಟ್ಟವಿಳಿದು, ನದಿಯನ್ನು ಬಲಕ್ಕೂ ಎಡಕ್ಕೂ ಕಾಣುತ್ತ, ಹೊನ್ನಾವರ ದಾಟಿ ನಾವು ಸೇರಿದ್ದು ಶರಾವತಿಯ ತೆಂಕಣ ದಡದಾಚೆಯ ಒಂದು ಊರು. ಹೋಟೆಲೆಂಬ ಫಲಕ ಕಾಣಲಿಲ್ಲ. ಚಿರೇಕಲ್ಲಿನ ಪಾಗಾರ, ತೆಂಗಿನ ತೋಟ, ಒಳಗೆ ಹೆಂಚಿನ ಹಳೆಯ ಮನೆ. ಐದು ಕೋಣೆಗಳನ್ನು ಅತಿಥಿಗಳಿಗೆಂದು ಇಟ್ಟಿದ್ದರು. ಮನೆಯೊಡತಿ ಅರವತ್ತರ ಆಸುಪಾಸಿನವರು. ನನಗೆ "ಬನ್ನಿ ರಾಯರೆ" ಎಂದರು. ನನ್ನವಳ ಕೈಯ ಚೀಲ ತೆಗೆದುಕೊಂಡು, "ಅಕ್ಕಾ, ಕಾಲಿಗೆ ನೀರು ಅಲ್ಲಿದೆ" ಎಂದು ತಾಮ್ರದ ತಂಬಿಗೆ ತೋರಿಸಿದರು.

ಆ ನೀರು ನನಗೆ ಮೊದಲ ಸೋಜಿಗ. ಕಡಲು ಮುನ್ನೂರು ಹೆಜ್ಜೆಯ ದೂರದಲ್ಲಿ ಮೊರೆಯುತ್ತಿದೆ, ಅಂಗಳದ ಬಾವಿಯ ನೀರು ಎಳನೀರಿನಷ್ಟು ಸಿಹಿ. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತಿದ್ದರೆ ಕೆಳಕ್ಕೆ ಸುಮಾರು ನಲವತ್ತು ಅಡಿ ಸಿಹಿನೀರೇ ಇರುತ್ತದೆಂದು ಬಲ್ಲವರ ಲೆಕ್ಕ. ಆ ಒಂದು ಅಡಿಯನ್ನು ಯಂತ್ರ ಹಚ್ಚಿ ಹೀರಿಬಿಟ್ಟರೆ ನಲವತ್ತು ಅಡಿಯೂ ಕರಗಿ ಉಪ್ಪು ಮೇಲೇಳುತ್ತದೆ. "ಈಜುಕೊಳ ಕಟ್ಟಿಸಿ, ದರ ಹೆಚ್ಚು ಹಾಕಬಹುದು ಎನ್ನುತ್ತಾರೆ. ಬಾವಿ ಉಪ್ಪಾದರೆ ನಾನು ಕುಡಿಯುವುದೇನು?" ಎಂದು ಆಕೆ ನಕ್ಕರು.

ಊಟಕ್ಕೆ ಕುಚ್ಚಲಕ್ಕಿಯ ಅನ್ನ, ಒಂದೆಲಗದ ತಂಬುಳಿ, ಮುರುಗಲು ಹಣ್ಣಿನ ಸಾರು; ಬೇಕೆಂದವರಿಗೆ ಮೀನು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಈ ಮನೆಯೂ ಬಾಗಿಲು ಹಾಕುತ್ತದಂತೆ. ಹೆಂಚು ಹೊದಿಸುವುದು, ಉಪ್ಪಿನಕಾಯಿ ಹಾಕುವುದು ಎಲ್ಲ ಆಗಲೇ.

ಸಂಜೆ ಮಾತಿಗೆ ಕುಳಿತಾಗ ಮನೆಯ ಕಥೆ ಹೊರಬಂತು. ಗಂಡ ಹೋದ ಮೇಲೆ ಪಾಲುದಾರರೆಲ್ಲ ಮಾರೋಣವೆಂದರು. ಕಡಲ ಮಗ್ಗುಲ ನೆಲಕ್ಕೆ ಈಗ ಬಂಗಾರದ ಬೆಲೆ. ಆದರೆ ಕರಾವಳಿ ನಿಯಂತ್ರಣದ ನಿಯಮ 1991ರಿಂದಲೂ ಉಬ್ಬರದ ಗೆರೆಯ ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಅಡ್ಡಿಯಾಗಿ ನಿಂತಿದೆ. 2019ರ ತಿದ್ದಿದ ನಿಯಮ, ಊರವರು ತಮ್ಮ ಮನೆಯ ತಳಪಾಯವನ್ನೂ ರೂಪವನ್ನೂ ಬದಲಿಸದೆ ಅತಿಥಿಗಳನ್ನು ಇರಿಸಿಕೊಳ್ಳಬಹುದೆಂದು ಹೇಳಿತು. ಆಕೆ ಸಾಲ ಮಾಡಿ, ಪಾಲುದಾರರಿಗೆ ಕಂತಿನಲ್ಲಿ ಹಣ ಕೊಡುತ್ತ ಮನೆ ಉಳಿಸಿಕೊಂಡರು. "ಮಾರಬಾರದು ಅಂತಲೇ ಬಾಡಿಗೆಗೆ ಕೊಟ್ಟೆ ಅಕ್ಕಾ. ಮೊದಲ ದಿನ ಅಪರಿಚಿತರು ಬಂದು ಅತ್ತೆಯ ಮಂಚದಲ್ಲಿ ಮಲಗಿದಾಗ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ" ಎಂದರು. ಆರನೆಯ ಕೋಣೆಯೊಂದಿತ್ತು, ದೇವರ ಮನೆಯ ಪಕ್ಕದ್ದು. ಅದನ್ನು ಎಷ್ಟು ಕೊಟ್ಟರೂ ಯಾರಿಗೂ ಕೊಡುವುದಿಲ್ಲವಂತೆ.

ನನ್ನವಳು ಏನೂ ಹೇಳಲಿಲ್ಲ. ಎದ್ದು ಹೋಗಿ ಆ ಮನೆಯ ಹೆಬ್ಬಾಗಿಲಿನ ದಾರಂದವನ್ನು ಕೈಯಿಂದ ಸವರಿ ಬಂದಳು.

ಕತ್ತಲಾಯಿತು. ಕಡಲ ಕಡೆಯ ಜಗಲಿಯಲ್ಲಿ ದೀಪವಿಲ್ಲ. ನಾನು ಗುಂಡಿ ಹುಡುಕುತ್ತಿದ್ದಾಗ ಆಕೆ ತಡೆದರು. ಚಳಿಗಾಲದಲ್ಲಿ ಕಡಲಾಮೆಗಳು ಆ ಮರಳಿಗೆ ಬಂದು ಗುಳಿ ತೋಡಿ ಒಂದೊಂದೂ ನೂರರ ಸುಮಾರು ಮೊಟ್ಟೆಯಿಡುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿಗಳು ರಾತ್ರಿಯ ಹೊತ್ತು ಮೇಲೆದ್ದು, ಎಲ್ಲಿ ಬೆಳಕು ಹೆಚ್ಚೋ ಅಲ್ಲಿಗೆ ಹರಿಯುತ್ತವೆ. ಸಹಜವಾಗಿ ಅದು ಕಡಲಿನ ದಿಗಂತ; ನಾವು ದೀಪ ಹಚ್ಚಿದರೆ ದಿಕ್ಕುತಪ್ಪಿ ನೆಲದ ಕಡೆಗೆ ಬಂದು ಸಾಯುತ್ತವೆ. ಅದಕ್ಕಾಗಿ ಸಂಜೆಯ ಬಳಿಕ ಆ ಕಡೆಯ ದೀಪವಿಲ್ಲ.

ಬಹಳ ಹೊತ್ತಿನ ಮೇಲೆ ಕತ್ತಲೆಯಲ್ಲಿ ನನ್ನವಳ ದನಿ ಕೇಳಿತು: "ದೀಪ ಉರೀಲಿ ಅಂತ ನಮ್ಮನ್ನ ಎಬ್ಬಿಸಿದ್ರು. ಇಲ್ಲಿ ಆಮೆ ಮರಿ ಮನೆ ಸೇರಲಿ ಅಂತ ದೀಪ ಆರಿಸ್ತಾರೆ, ನೋಡಿ."

ನಾನು ಉತ್ತರ ಕೊಡಲಿಲ್ಲ. ಆ ದೀಪದಲ್ಲಿ ಓದಿದವನು ನಾನು. ಆ ವಿದ್ಯುತ್ತಿನ ನಾಡಿನ ಕಾರ್ಖಾನೆಯಲ್ಲಿ ಅನ್ನ ಕಂಡವನು. ಅಣೆಕಟ್ಟು ಬೇಡವಾಗಿತ್ತೆಂದು ಹೇಳುವ ಬಾಯಿ ನನಗಿಲ್ಲ. ಆದರೆ ಐವತ್ತು ವರ್ಷ ನಾನು ಆ ಮಾತನ್ನು ಲೆಕ್ಕದ ಭಾಷೆಯಲ್ಲಿ ಕೇಳಿದ್ದೆ, ಆ ರಾತ್ರಿ ಮೊದಲ ಬಾರಿಗೆ ಮನೆಯ ಭಾಷೆಯಲ್ಲಿ ಕೇಳಿದೆ.

ಮರುದಿನ ನದಿ ಕಡಲಿಗೆ ಸೇರುವ ಅಳಿವೆಗೆ ಹೋದೆವು. ದೂರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲಿನ ಸೇತುವೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ 128 ಕಿಲೋಮೀಟರು ನಡೆದು, ಕಟ್ಟೆಗಳಲ್ಲಿ ನಿಂತು, ಯಂತ್ರಗಳನ್ನು ತಿರುಗಿಸಿ, ಇಲ್ಲಿ ಸದ್ದಿಲ್ಲದೆ ಉಪ್ಪಾಗುತ್ತಾಳೆ. ನನ್ನವಳು ಮೊಣಕಾಲುದ್ದ ನೀರಿನಲ್ಲಿ ನಿಂತು, "ನಮ್ಮ ಅಂಗಳದ ನೀರು ಇಲ್ಲಿಗೆ ಬರೋದು ಅಂತಾಯ್ತು" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಕಳೆದುಹೋದ ನೆಂಟರ ವಿಳಾಸ ಸಿಕ್ಕಂತೆ ಹೇಳಿದಳು.

ಹೊರಡುವ ದಿನ ಲೆಕ್ಕದ ಚೀಟಿ ಬಂತು. ಮೊಮ್ಮಗ ಮೊದಲೇ ಕಟ್ಟಿದ್ದ ಮೊತ್ತ ಅದರಲ್ಲಿತ್ತು: ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು. ಇದನ್ನು ಮುಚ್ಚಿಡುವುದು ಸರಿಯಲ್ಲ. ಇಂಥ ಮನೆಗಳು ಎಲ್ಲರಿಗೂ ಎಟುಕುವುವಲ್ಲ. ಛತ್ರದ ಔದಾರ್ಯ ಇಲ್ಲಿಲ್ಲ. ಆದರೂ ಆ ಹಣದಲ್ಲಿ ಒಂದು ಮನೆ ನಿಂತಿದೆ, ಒಂದು ಬಾವಿ ಸಿಹಿಯಾಗಿದೆ, ಬಾಗಿಲ ಬೀಗದ ಕೈ ಇನ್ನೂ ಆ ಮನೆಯವರ ಸೆರಗಿನಲ್ಲೇ ಇದೆ. ಹಣ ಕೊಟ್ಟು ಪಡೆದ ಆತಿಥ್ಯ ಆತಿಥ್ಯವೇ ಅಲ್ಲವೆಂದು ನಮ್ಮ ಹಿರಿಯರು ಸಂಕೋಚಪಟ್ಟದ್ದು ಎಷ್ಟು ಸರಿ, ಎಷ್ಟು ತಪ್ಪು ಎಂದು ನಾನು ಇನ್ನೂ ತೂಗುತ್ತಿದ್ದೇನೆ.

ಚೀಟಿಯಲ್ಲಿ ಬರೆಯದ ಒಂದು ಬಾಬತ್ತು ಮಾತ್ರ ಉಂಟು. ಕಾರು ಹತ್ತುವ ಮೊದಲು ಆಕೆ ನನ್ನವಳನ್ನು ಒಳಗೆ ಕರೆದು, ಬಾಡಿಗೆಗಿಲ್ಲದ ಆ ಆರನೆಯ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ ತುಂಬಿದರು. ಅತ್ತೆಯವರು ಹೋದ ಮೇಲೆ ಮೂವತ್ತು ವರ್ಷಗಳಲ್ಲಿ ಅವಳಿಗೆ ಮಡಿಲು ತುಂಬಿದವರು ಯಾರೂ ಇರಲಿಲ್ಲ. ಈ ಸಂಗತಿ ಆಕೆಗೆ ಹೇಗೆ ತಿಳಿಯಿತೆಂದು ಘಟ್ಟ ಹತ್ತುವಾಗ ಕೇಳಿದೆ. "ಹೆಂಗಸರು ಅಡುಗೆಮನೆಯಲ್ಲಿ ಬರೀ ಅಡುಗೆ ಮಾಡ್ತಾರೆ ಅಂದ್ಕೊಂಡಿದೀರಾ?" ಎಂದಳು.

ಸಾಗರ ಬಂತು. ನಾನು ಏನೂ ಕೇಳಲಿಲ್ಲ. ಅವಳೇ ಡ್ರೈವರಿಗೆ, "ಹೊತ್ತಿದ್ದರೆ ಆ ಹೊಸ ಸೇತುವೆಯ ಕಡೆಗೆ ತಿರುಗಿಸಪ್ಪ" ಎಂದಳು. ಮಡಿಲಕ್ಕಿಯ ಗಂಟು ತೊಡೆಯ ಮೇಲೆಯೇ ಇತ್ತು.