ಕಾಯಿಲೆಯ ಹಣ ನಿಂತಾಗ ಮನೆವಾರ್ತೆ

ದುಡಿಯುವವನು ಹಾಸಿಗೆ ಹಿಡಿದರೆ ಮನೆಯಲ್ಲಿ ಎರಡು ಕಾಯಿಲೆಗಳು ಒಟ್ಟಿಗೆ ಹುಟ್ಟುತ್ತವೆ. ಒಂದು ಮೈಯ ಕಾಯಿಲೆ. ಇನ್ನೊಂದು ಕೈಯಲ್ಲಿ ಕಾಸಿಲ್ಲದ ಕಾಯಿಲೆ. ಮೊದಲನೆಯದಕ್ಕೆ ವೈದ್ಯರುಂಟು. ಎರಡನೆಯದಕ್ಕೂ ಒಂದು ಮದ್ದು ಬೇಕೆಂದು ನಮ್ಮ ದೇಶದ ಹಿರಿಯರು ಆಲೋಚಿಸಿದುದರ ಫಲವೇ ಕಾರ್ಮಿಕರ ರಾಜ್ಯ ವಿಮಾ ಯೋಜನೆ. ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿ ಇದಕ್ಕೆ ತಳಹದಿ. 1948ರಲ್ಲಿ ಕಾಯಿದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು, 1958ರಲ್ಲಿ ಬೆಂಗಳೂರಿಗೆ ಬಂದಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ವಿಮೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಜನರ ಬಾಯಲ್ಲಿ ಇದಕ್ಕೆ ಇ.ಎಸ್.ಐ. ಎಂದೇ ಹೆಸರು.

ಇ.ಎಸ್.ಐ. ಕೊಡುವುದನ್ನು ಕುರಿತು ಹೇಳುವವರು ಬಹಳ ಮಂದಿ ಇದ್ದಾರೆ. ಅದು ಕೊಡುತ್ತಿದ್ದ ಹಣ ನಡುವೆ ನಿಂತುಹೋದರೆ, ಅದು ತಪ್ಪೆಂದು ನಾವು ಮನವಿ ಸಲ್ಲಿಸಿದರೆ, ಆ ಮನವಿಗೆ ಉತ್ತರ ಬರುವವರೆಗೆ ಮನೆಯಲ್ಲಿ ಅನ್ನ ಬೇಯುವುದು ಹೇಗೆ? ಇಂದು ನಾನು ಆಡಬೇಕೆಂದಿರುವ ಮಾತು ಇದು. ನಾನು ಕಾನೂನು ಓದಿದವನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಆದರೆ ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸುಗಳಲ್ಲಿ ದುಡಿಯುವವರು. 'ಮೇಷ್ಟ್ರೇ, ಒಂದು ಅರ್ಜಿ ಬರೆದುಕೊಡಿ' ಎಂದು ಅವರು ಬರುವುದುಂಟು. ಹಾಗೆ ಅರ್ಜಿಗಳನ್ನು ಬರೆಯುತ್ತ ಬರೆಯುತ್ತ ತಿಳಿದುಕೊಂಡ ಕೆಲವು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಲೆಕ್ಕವನ್ನು ತಿಳಿಯೋಣ. 2019ರ ಜುಲೈಯಿಂದ ಕಾರ್ಮಿಕನ ವಂತಿಗೆ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ವಂತಿಗೆ ಮೂರೂಕಾಲು ರೂಪಾಯಿ. ತಿಂಗಳಿಗೆ 15,000 ರೂಪಾಯಿ ಸಂಬಳವಿದ್ದರೆ ಕಾರ್ಮಿಕನಿಂದ 112 ರೂಪಾಯಿ 50 ಪೈಸೆ, ಮಾಲೀಕನಿಂದ 487 ರೂಪಾಯಿ 50 ಪೈಸೆ ಸಲ್ಲಬೇಕು. ಆರು ತಿಂಗಳ ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಹೊಂದಿದ ಆರು ತಿಂಗಳ ಸೌಲಭ್ಯದ ಅವಧಿಯಲ್ಲಿ ಕಾಯಿಲೆ ಬಿದ್ದವನಿಗೆ ದಿನಗೂಲಿಯ ನೂರಕ್ಕೆ 70ರಂತೆ ಹಣ ದೊರೆಯುತ್ತದೆ. ದಿನಕ್ಕೆ 500 ರೂಪಾಯಿ ಗಳಿಸುವವನಿಗೆ ಇದು 350 ರೂಪಾಯಿ. ಒಂದರ ಹಿಂದೊಂದು ಬರುವ ಎರಡು ಸೌಲಭ್ಯದ ಅವಧಿಗಳಲ್ಲಿ ಒಟ್ಟು 91 ದಿನಗಳಿಗೆ ಇದರ ಮಿತಿ. ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಶ್ವವಾಯು ಮೊದಲಾಗಿ ಪಟ್ಟಿಮಾಡಿದ 34 ದೀರ್ಘರೋಗಗಳಿಗೆ, ಎರಡು ವರ್ಷದ ಸತತ ಸೇವೆ ಮತ್ತು ನಾಲ್ಕು ವಂತಿಗೆಯ ಅವಧಿಗಳಲ್ಲಿ 156 ದಿನಗಳ ವಂತಿಗೆ ಇದ್ದವರಿಗೆ, ನೂರಕ್ಕೆ 80ರಂತೆ ಹೆಚ್ಚು ಕಾಲ ಕೊಡುವ ಏರ್ಪಾಡುಂಟು.

ಈ ಹಣ ನಿಲ್ಲುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳು. ದಿನಗಳ ಮಿತಿ ಮುಗಿದಿರಬಹುದು. ಲೆಕ್ಕದಲ್ಲಿ ವಂತಿಗೆಯ ದಿನಗಳು ಕಡಿಮೆ ಕಾಣುತ್ತಿರಬಹುದು. ವೈದ್ಯರು ಕೆಲಸಕ್ಕೆ ಹೋಗಬಹುದೆಂದು ಬರೆದಿರಬಹುದು. ಇಲ್ಲವೆ ಕಾಯಿಲೆಯಲ್ಲಿರುವವನು ನಿಯಮ ಮೀರಿದನೆಂದು, ಎಂದರೆ ಗೊತ್ತಾದ ದಿನ ಔಷಧಾಲಯಕ್ಕೆ ಬರಲಿಲ್ಲ, ಅಪ್ಪಣೆಯಿಲ್ಲದೆ ಊರು ಬಿಟ್ಟು ಹೋದ, ವೈದ್ಯ ಪರೀಕ್ಷೆಗೆ ಒಪ್ಪಲಿಲ್ಲ ಎಂದು ಹೇಳಿರಬಹುದು. ನಾಲ್ಕು ಕಾರಣಗಳಿಗೂ ಉತ್ತರ ಬೇರೆ ಬೇರೆ. ಕಾರಣ ತಿಳಿಯದೆ ಬರೆದ ಅರ್ಜಿ ಎಷ್ಟು ಉದ್ದವಾಗಿದ್ದರೂ ಗುರಿ ಮುಟ್ಟುವುದಿಲ್ಲ. ಆದುದರಿಂದ ಮೊದಲ ಕೆಲಸ, ಕಾರಣವನ್ನು ಬರವಣಿಗೆಯಲ್ಲಿ ಕೇಳುವುದು. ಬಾಯಿಮಾತಿಗೆ ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ.

ಇಲ್ಲಿ ಭಾಷೆಯ ಮಾತೊಂದನ್ನು ಹೇಳುತ್ತೇನೆ, ಅದು ನನ್ನ ಕಸುಬು. ಹಿಂದೆ ದೊರೆಗೆ ಮಾಡಿಕೊಳ್ಳುತ್ತಿದ್ದುದು ಬಿನ್ನಹ. ಸಂಸ್ಕೃತದ ವಿಜ್ಞಾಪನ ಎಂಬುದೇ ಕನ್ನಡದಲ್ಲಿ ಬಿನ್ನಪ, ಬಿನ್ನಹ ಎಂದಾಯಿತು. ಬಿನ್ನಹ ಮಾಡುವವನು ಕೈಮುಗಿದು ಕೇಳುತ್ತಾನೆ. ಕೊಟ್ಟರೆ ಅದು ದಯೆ. ಕಾಯಿಲೆಯ ಹಣ ದಯೆಯಲ್ಲ. ಸಂಬಳದಿಂದ ವಂತಿಗೆ ಮುರಿದುಕೊಟ್ಟವನಿಗೆ ಅದು ಸಲ್ಲಬೇಕಾದ ಬಾಕಿ. ನನ್ನ ಬಳಿಗೆ ಬರುವವರು 'ದಯಮಾಡಿ ಬಡವನನ್ನು ಕಾಪಾಡಿ ಎಂದು ಬರೆಯಿರಿ' ಎನ್ನುತ್ತಾರೆ. ನಾನು ಕೇಳುವುದು ಬೇರೆ: ವಿಮಾ ಸಂಖ್ಯೆ ಏನು? ಯಾವ ದಿನದಿಂದ ಯಾವ ದಿನದವರೆಗೆ ಕಾಯಿಲೆ? ಸರ್ಟಿಫಿಕೇಟುಗಳು ಎಷ್ಟು? ಯಾವ ದಿನದಿಂದ ಹಣ ನಿಂತಿತು? ಇಷ್ಟನ್ನು ತಾರೀಖು ಸಹಿತ ಬರೆದು, ನಕಲು ಲಗತ್ತಿಸಿ, ಕೊಟ್ಟುದಕ್ಕೆ ಮೊಹರು ಹಾಕಿಸಿಕೊಂಡು ಬಂದರೆ ಒಂದು ಪುಟ ಸಾಕು. ಕಣ್ಣೀರಿಗಿಂತ ತಾರೀಖಿಗೆ ಕಚೇರಿಯಲ್ಲಿ ಬೆಲೆ ಹೆಚ್ಚು.

ಕಚೇರಿಯಲ್ಲಿ ಬಗೆಹರಿಯದಿದ್ದರೆ ಮುಂದಿನ ಮೆಟ್ಟಿಲು ಕಾರ್ಮಿಕರ ವಿಮಾ ನ್ಯಾಯಾಲಯ. 1948ರ ಕಾಯಿದೆ ಇದಕ್ಕೆ ಮೂರು ವರ್ಷಗಳ ಗಡುವನ್ನು ಇಟ್ಟಿತ್ತು. ಗಡುವು ಉಂಟೆಂದು ಕುಳಿತಿರುವುದು ಮಾತ್ರ ಸಲ್ಲದು. ವಕೀಲರಿಗೆ ಹಣವೆಲ್ಲಿ ಎಂದು ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಮಹಿಳೆಯರನ್ನೂ ಪರಿಶಿಷ್ಟ ಜಾತಿ ಪಂಗಡದವರನ್ನೂ ಹೇಳಿದಂತೆಯೇ ಕೈಗಾರಿಕಾ ಕಾರ್ಮಿಕರನ್ನೂ ಹೆಸರಿಸಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಈ ಪ್ರಾಧಿಕಾರದ ಕಚೇರಿಯುಂಟು. 15100 ಎಂಬ ದೂರವಾಣಿ ಸಂಖ್ಯೆಯೂ ಉಂಟು. ಈ ಬಾಗಿಲು ತೆರೆದಿರುವುದು ತಿಳಿಯದೆ ಎಷ್ಟೋ ಮಂದಿ ಸಾಲಮಾಡಿ ವಕೀಲರನ್ನು ಹಿಡಿಯುತ್ತಾರೆ.

ಇನ್ನು ಮನೆವಾರ್ತೆಗೆ ಬರೋಣ. ಮನವಿ ಎಷ್ಟು ನ್ಯಾಯವಾಗಿದ್ದರೂ ಅದಕ್ಕೆ ಕಾಲ ಹಿಡಿಯುತ್ತದೆ. 'ಮುಂದಿನ ವಾರ ಹಣ ಬರುತ್ತದೆ' ಎಂಬ ನಂಬಿಕೆಯಿಂದ ಮಾಡಿದ ಖರ್ಚೇ ಮನೆಯನ್ನು ಮುಳುಗಿಸುವುದು. ಆರು ತಿಂಗಳು ಬರುವುದಿಲ್ಲವೆಂದೇ ಎಣಿಸಿ ಲೆಕ್ಕ ಹಾಕಬೇಕು. ಮೊದಲು ಊಟ, ಬಾಡಿಗೆ, ಔಷಧಿ, ಮಕ್ಕಳ ಓದು, ಆಮೇಲೆ ದೀಪ, ನೀರು, ಉಳಿದುದೆಲ್ಲ ಅನಂತರ. ಮನೆಯ ಮಾಲೀಕರಿಗೆ ಬಾಡಿಗೆ ತಪ್ಪಿದ ಮೇಲೆ ಕಾರಣ ಹೇಳುವುದಕ್ಕಿಂತ ತಪ್ಪುವ ಮುಂಚೆಯೇ ಹೋಗಿ, ಮನವಿಯ ನಕಲು ತೋರಿಸಿ, ಅರ್ಧವನ್ನಾದರೂ ಕೈಗಿಡುವುದು ಲೇಸು.

ಔಷಧಿಯ ವಿಷಯದಲ್ಲಿ ಒಂದು ಮಾತನ್ನು ನೆನಪಿಡಬೇಕು. ನಗದು ನಿಂತಿತೆಂದ ಮಾತ್ರಕ್ಕೆ ಚಿಕಿತ್ಸೆಯೂ ನಿಂತಿತೆಂದು ಭಾವಿಸಬಾರದು. ಅವೆರಡೂ ಬೇರೆ ಬೇರೆ ಸೌಲಭ್ಯಗಳು. ಸಿಟ್ಟಿನಿಂದ ಇ.ಎಸ್.ಐ. ಔಷಧಾಲಯದ ಕಡೆ ತಲೆಹಾಕದೆ ಖಾಸಗಿ ವೈದ್ಯರಿಗೆ ದುಡ್ಡು ಸುರಿಯುವವರನ್ನು ಕಂಡಿದ್ದೇನೆ. ಅದರಿಂದ ಎರಡು ನಷ್ಟ. ಹಣವೂ ಹೋಗುತ್ತದೆ, ಸರ್ಟಿಫಿಕೇಟಿನ ಸರಪಳಿಯೂ ಕಡಿಯುತ್ತದೆ. ಮುಂದೆ ಮನವಿ ಗೆದ್ದರೂ ಸರ್ಟಿಫಿಕೇಟಿಲ್ಲದ ದಿನಗಳಿಗೆ ಹಣ ಕೇಳುವುದು ಕಷ್ಟ.

ಹಣಕ್ಕೆ ಬೇರೆ ದಾರಿಗಳಾವುವು? ಕೂಡಿಟ್ಟ ಸಂಬಳದ ರಜೆ ಇದ್ದರೆ ಅದನ್ನು ಕೇಳಬಹುದು; ಆದರೆ ರಜೆಯ ಸಂಬಳ ಪಡೆದ ದಿನಕ್ಕೆ ಕಾಯಿಲೆಯ ಹಣ ಸಲ್ಲುವುದಿಲ್ಲ. ಭವಿಷ್ಯನಿಧಿಯಿಂದ ಕಾಯಿಲೆಗಾಗಿ ಹಣ ತೆಗೆಯಲು ಅವಕಾಶವುಂಟು; ಹಿಂದಕ್ಕೆ ಕಟ್ಟಬೇಕಾಗಿಲ್ಲ, ಬಡ್ಡಿಯೂ ಇಲ್ಲ. ಅದು ಮುಪ್ಪಿಗೆಂದು ಕಟ್ಟಿಟ್ಟ ಬುತ್ತಿ, ಬೇಕಾದಷ್ಟನ್ನೇ ಬಿಚ್ಚಬೇಕು. ಕ್ಷಯರೋಗಿಗಳಿಗೆ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಪಡಿತರ ಚೀಟಿಯ ಅಕ್ಕಿ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ, ಇವುಗಳಲ್ಲಿ ಏನಾದರೂ ಹೆಸರಿನ ತಪ್ಪಿನಿಂದಲೋ ಬ್ಯಾಂಕಿನ ತೊಡಕಿನಿಂದಲೋ ನಿಂತಿದ್ದರೆ ಸರಿಪಡಿಸಿಕೊಳ್ಳಲು ಇದೇ ಸಮಯ. ಯಜಮಾನ ದುಡಿಯುತ್ತಿದ್ದಾಗ ಉದಾಸೀನ ಮಾಡಿದ್ದ ಕಾಗದಗಳು ಈಗ ಅನ್ನವಾಗುತ್ತವೆ.

ಸಾಲ ಬೇಡವೆಂದು ಹೇಳುವುದು ಸುಲಭ. ಹಸಿದ ಮನೆಯಲ್ಲಿ ಆ ಉಪದೇಶ ನಿಲ್ಲುವುದಿಲ್ಲ. ಯಾವ ಸಾಲ ಎಂದು ನೋಡಬೇಕು. ಐದು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಹಗುರ. ಅದು ತಿಂಗಳಿಗೆ ನೂರಕ್ಕೆ ಐದು, ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. 10,000 ರೂಪಾಯಿ ತಂದರೆ ಆರು ತಿಂಗಳಿಗೆ 3,000 ಬಡ್ಡಿಗೇ ಹೋಯಿತು. ಅದೇ ಹಣವನ್ನು ನೂರಕ್ಕೆ ಒಂದರಂತೆ ಒಡವೆಯ ಮೇಲೆ ತಂದರೆ ಬಡ್ಡಿ 600. ಹೆಣ್ಣುಮಕ್ಕಳ ಸ್ವಸಹಾಯ ಸಂಘ, ಕಾರ್ಖಾನೆಯ ಸಹಕಾರ ಸಂಘ, ಇನ್ನೂ ಎತ್ತದೆ ಇರುವ ಚೀಟಿ ಇವುಗಳನ್ನು ಮೊದಲು ನೋಡಿ. ಬರಲಿರುವ ಕಾಯಿಲೆಯ ಹಣವನ್ನು ತೋರಿಸಿ ಬಾಂಡು ಬರೆದುಕೊಡಬೇಡಿ. ಆ ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ, ಸಾಲ ಕೊಟ್ಟವರು ಅದನ್ನು ಜಪ್ತಿ ಮಾಡಿಸಲೂ ಬರುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಒಂದು ಕಾಯಿದೆಯೇ ಬಂದಿದೆ. ಮನೆಬಾಗಿಲಿಗೆ ಬಂದು ಹೆದರಿಸುವವರ ಮೇಲೆ ಪೊಲೀಸರಿಗೆ ದೂರು ಕೊಡಲು ನಾಚಬೇಕಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು: ಮೈ ಸರಿಯಿಲ್ಲ, ಕೆಲಸ ಮಾಡಲಾರೆ ಎಂದು ಮನವಿ ಕೊಟ್ಟವನು, ಮಕ್ಕಳ ಹಸಿವು ನೋಡಲಾರದೆ ಎಲ್ಲಿಯಾದರೂ ರಾತ್ರಿ ಕಾವಲಿಗೆ ಹೋಗಬಹುದೆ? ಕೂಲಿಗೆ ದುಡಿದ ದಿನಕ್ಕೆ ಕಾಯಿಲೆಯ ಹಣ ಇಲ್ಲ, ಇದು ನಿಯಮ. ದುಡಿದೂ ಮುಚ್ಚಿಟ್ಟು ಹಣ ಪಡೆದರೆ ಅದನ್ನು ಹಿಂದಿರುಗಿಸಬೇಕಾಗುತ್ತದೆ. ನಿಜವಾಗಿ ಮಲಗಿದ್ದ ದಿನಗಳ ಮಾತನ್ನೂ ಯಾರೂ ನಂಬದಂತಾಗುತ್ತದೆ. ಹಗುರವಾದ ಕೆಲಸ ಮಾಡಬಹುದೆ ಎಂದು ವೈದ್ಯರನ್ನೇ ಕೇಳಿ, ಅವರು ಹೇಳಿದುದನ್ನು ಬರೆಸಿಕೊಳ್ಳುವುದು ಕ್ಷೇಮ. ಇದಕ್ಕೆ ಎದುರಾದ ಸಂಕಟವೂ ಉಂಟು. ಇ.ಎಸ್.ಐ. ವೈದ್ಯರು ಕೆಲಸಕ್ಕೆ ಯೋಗ್ಯನೆಂದು ಕಳುಹಿಸುತ್ತಾರೆ. ಕಾರ್ಖಾನೆಯ ಬಾಗಿಲಲ್ಲಿ ಇವನು ಇನ್ನೂ ಯೋಗ್ಯನಲ್ಲವೆಂದು ಹಿಂದಕ್ಕೆ ಕಳುಹಿಸುತ್ತಾರೆ. ಆಗ ಹಿಂದಕ್ಕೆ ಕಳುಹಿಸಿದವರಿಂದ ಒಂದು ಸಾಲು ಬರೆಸಿಕೊಳ್ಳಬೇಕು. ಕೊಡದಿದ್ದರೆ ತಾನೇ ಆ ದಿನವೇ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಆ ರಸೀತಿಯೇ ಮುಂದೆ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಜನವರಿ ಕಳೆದ ಮೇಲೆ ಶಾಲೆಗೆ ಬರುವುದನ್ನು ಬಿಟ್ಟಳು. ವಿಚಾರಿಸಿದೆ. ತಂದೆ ಲೇತ್ ಕೆಲಸಗಾರ. ನವೆಂಬರಿನಲ್ಲಿ ಕ್ಷಯ ಕಾಣಿಸಿಕೊಂಡು ಹಾಸಿಗೆ ಹಿಡಿದಿದ್ದರು. ಡಿಸೆಂಬರಿನವರೆಗೆ ಬಂದ ಹಣ ಹೊಸ ವರ್ಷದಲ್ಲಿ ನಿಂತಿತು. ಜನವರಿಯಿಂದ ಸಿಗಬೇಕಾದ ಹಣಕ್ಕೆ ಹಿಂದಿನ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ವಂತಿಗೆ ಆಧಾರ. ಆ ಆರು ತಿಂಗಳೂ ಕಾರ್ಖಾನೆಯವರು ಸಂಬಳದಲ್ಲಿ ಮುರಿದುಕೊಂಡಿದ್ದರು, ಕಟ್ಟಿರಲಿಲ್ಲ. ಮನೆಯಲ್ಲಿ ತಾಯಿಯೊಬ್ಬಳ ಹೊಲಿಗೆಯ ಕಾಸು. ಮಗಳನ್ನು ಗಾರ್ಮೆಂಟ್ಸಿಗೆ ಸೇರಿಸುವ ಮಾತು ನಡೆದಿತ್ತು. 'ಪರೀಕ್ಷೆ ಮುಂದಿನ ವರ್ಷವೂ ಬರುತ್ತದಲ್ಲ, ಮೇಷ್ಟ್ರೇ' ಎಂದರು ಆ ತಾಯಿ. 'ಬರುತ್ತದೆ ತಾಯಿ, ಆದರೆ ದುಡಿಯಲು ಹೋದ ಮಗು ಮತ್ತೆ ಶಾಲೆಗೆ ಬಂದುದನ್ನು ನಾನು ಹೆಚ್ಚು ಕಂಡಿಲ್ಲ' ಎಂದೆ.

ಮಾಲೀಕನು ವಂತಿಗೆ ಕಟ್ಟದಿದ್ದರೆ, ನಿಗಮವು ಕಾರ್ಮಿಕನಿಗೆ ಸಲ್ಲಬೇಕಾದುದನ್ನು ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಬಹುದೆಂದು ಕಾನೂನಿನಲ್ಲಿದೆ. ಆ ಮನೆಯ ಪುಣ್ಯ, ಸಂಬಳದ ಚೀಟಿಗಳನ್ನು ತಾಯಿ ಅಕ್ಕಿ ಡಬ್ಬದ ಮೇಲಿನ ಚೀಲದಲ್ಲಿ ಜೋಪಾನವಾಗಿಟ್ಟಿದ್ದರು. ಅವನ್ನು ತಿಂಗಳ ಕ್ರಮದಲ್ಲಿ ಜೋಡಿಸಿ, ಬ್ಯಾಂಕಿನ ಪಾಸ್‌ಪುಸ್ತಕದ ನಕಲಿನೊಡನೆ ಅರ್ಜಿ ಕೊಟ್ಟೆವು. ಭವಿಷ್ಯನಿಧಿಯಿಂದ ಸ್ವಲ್ಪ, ಸಂಘದ ಸಾಲ ಸ್ವಲ್ಪ, ಬಾಡಿಗೆಗೆ ಎರಡು ತಿಂಗಳ ವಾಯಿದೆ. ಹೀಗೆ ದಿನ ತಳ್ಳಿದರು. ನಿಂತ ಹಣ ಕೈಗೆ ಬರುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಹುಡುಗಿ ಪರೀಕ್ಷೆಯನ್ನು ಬೇಸಿಗೆಯಲ್ಲಿಯೇ ಬರೆದಿದ್ದಳು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮಲ್ಲಿ ಗಾದೆಯುಂಟು. ಸೋಮಾರಿಯನ್ನು ಕುರಿತ ಮಾತು ಅದು. ಕಾಯಿಲೆಯಿಂದ ಕೂತವನಿಗೆ ಅದನ್ನು ಹೇಳುವುದು ಅನ್ಯಾಯ. ನೆರೆಯವರೂ ನೆಂಟರೂ ಇಂಥ ಮನೆಗೆ ಹೋದಾಗ ಬುದ್ಧಿವಾದಕ್ಕಿಂತ ಒಂದು ಸೇರು ಅಕ್ಕಿಯನ್ನೋ, ಕಚೇರಿಗೆ ಜೊತೆಯಾಗಿ ಹೋಗಿಬರುವ ಅರ್ಧ ದಿನವನ್ನೋ ಕೊಟ್ಟರೆ ಹೆಚ್ಚಿನ ಉಪಕಾರ. ಆರೋಗ್ಯವಾಗಿ ದುಡಿಯುತ್ತಿರುವ ಕೇಳುಗರಲ್ಲಿಯೂ ನನ್ನದೊಂದು ವಿನಂತಿ: ನಿಮ್ಮ ವಂತಿಗೆ ಲೆಕ್ಕಕ್ಕೆ ಜಮೆಯಾಗುತ್ತಿದೆಯೆ ಎಂಬುದನ್ನು ಈ ತಿಂಗಳೇ ವಿಚಾರಿಸಿಕೊಳ್ಳಿ, ಸಂಬಳದ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಡಿ, ಆ ಚೀಲ ಎಲ್ಲಿದೆಯೆಂದು ಮನೆಯವರಿಗೂ ತಿಳಿಸಿಡಿ.