ರಂಗಮಂದಿರದಲ್ಲೊಂದು ಗುಂಯ್‌ಕಾರ

ನಾಟಕ ನೋಡಲು ಹೋದವರಿಗೆಲ್ಲ ಈ ಸದ್ದಿನ ಪರಿಚಯವಿರುತ್ತದೆ. ದೀಪಗಳು ಆರುತ್ತವೆ, ಸಭೆ ಮೌನವಾಗುತ್ತದೆ, ತೆರೆ ಇನ್ನೂ ಸರಿದಿರುವುದಿಲ್ಲ. ಆಗ ಧ್ವನಿವರ್ಧಕದಿಂದ ‘ಗುಂಯ್’ ಎಂಬ ಮಂದ್ರನಾದವೊಂದು ಹೊರಡುತ್ತದೆ. ಕೊಡದೊಳಗೆ ಸಿಕ್ಕಿಕೊಂಡ ದುಂಬಿಯಂತೆ ಬಿಡುವಿಲ್ಲದೆ ಮೊರೆಯುತ್ತದೆ. ನಟರ ಪಿಸುಮಾತನ್ನು ಅದು ನುಂಗುತ್ತದೆ, ಹಾಡುವವರ ಶ್ರುತಿಯನ್ನು ಕೆಣಕುತ್ತದೆ. ಹವ್ಯಾಸಿ ನಾಟಕ ತಂಡಗಳಿಗೆ ಬಹುಕಾಲ ಧ್ವನಿಯ ವ್ಯವಸ್ಥೆ ನೋಡಿಕೊಂಡ ನನಗೆ ಈ ದುಂಬಿಯೊಡನೆ ಹಳೆಯ ಜಗಳವುಂಟು. ಆ ಜಗಳದಲ್ಲಿ ಕಲಿತ ಒಂದು ಪಾಠವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಈ ನಾದದ ಮೂಲವನ್ನು ನೋಡೋಣ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ತುಯ್ಯುತ್ತದೆ. ಆ ತುಯ್ತ ದಾರಿ ತಪ್ಪಿ ಧ್ವನಿವರ್ಧಕವನ್ನು ಸೇರಿದಾಗ ಕೇಳುವುದೇ ಈ ಗುಂಯ್‌ಕಾರ. ಹಾರ್ಮೋನಿಯಂ ಬಲ್ಲವರು ‘ಬಿಳಿ ಐದು’ ಎನ್ನುವ ಸ್ವರವನ್ನು ತೀರ ಕೆಳಗಿನ ಸ್ಥಾಯಿಗೆ ಇಳಿಸಿದರೆ ಅದರ ಕಂಪನ ಸುಮಾರು 49 ಆಗುತ್ತದೆ. ವಿದ್ಯುತ್ತಿನ ನಾದ ಅದಕ್ಕಿಂತ ತುಸು ಮೇಲೆ. ಶ್ರುತಿಗೆ ಸೇರುವುದೂ ಇಲ್ಲ, ದೂರ ಉಳಿಯುವುದೂ ಇಲ್ಲ. ಹಾಡುವವರಿಗೆ ಇದಕ್ಕಿಂತ ದೊಡ್ಡ ಕಾಟ ಬೇರೆಯಿಲ್ಲ.

1983ರಲ್ಲಿ ಒಂದು ತಾಲ್ಲೂಕು ಕೇಂದ್ರದ ರಂಗಮಂದಿರದಲ್ಲಿ ನಮ್ಮ ನಾಟಕವಿತ್ತು. ಮೈಕುಗಳ ಧ್ವನಿಯನ್ನು ಕೂಡಿಸುವ ಮಿಕ್ಸರನ್ನು ಸಭಾಂಗಣದ ಹಿಂಬದಿಯಲ್ಲಿಯೂ ಆಂಪ್ಲಿಫೈಯರನ್ನು ರಂಗದ ಪಕ್ಕದಲ್ಲಿಯೂ ಇಟ್ಟಿದ್ದೆ. ಎರಡಕ್ಕೂ ಹತ್ತಿರದ ಗೋಡೆಯಿಂದಲೇ ವಿದ್ಯುತ್ತು. ನಡುವೆ ಧ್ವನಿಯನ್ನೊಯ್ಯುವ ಒಂದು ಉದ್ದದ ತಂತಿ. ಮಧ್ಯಾಹ್ನ ಗುಂಡಿ ಒತ್ತಿದೊಡನೆ ದುಂಬಿ ಎದ್ದಿತು. ಮೈಕುಗಳನ್ನು ಒಂದೊಂದಾಗಿ ಕಿತ್ತೆ, ನಿಲ್ಲಲಿಲ್ಲ. ಮಿಕ್ಸರಿನ ಹಿಡಿಗಳನ್ನೆಲ್ಲ ಪೂರ್ತಿ ಇಳಿಸಿದೆ, ಆಗಲೂ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಅನುಭವಸ್ಥರೊಬ್ಬರು, “ಮಿಕ್ಸರಿನ ಪ್ಲಗ್ಗಿನಲ್ಲಿ ದಪ್ಪ ಕಡ್ಡಿಗೆ ಕಟ್ಟಿದ ತಂತಿಯನ್ನು ಬಿಚ್ಚಿಬಿಡಿ, ತಣ್ಣಗಾಗುತ್ತದೆ” ಎಂದರು. ಬಿಚ್ಚಿದೆ. ಗುಂಯ್‌ಕಾರ ಥಟ್ಟನೆ ನಿಂತಿತು. ಎಲ್ಲರೂ ಮೆಚ್ಚಿದರು, ನಾನೂ ಬೀಗಿದೆ.

ಸಂಜೆ ಕೊನೆಯ ತಾಲೀಮು. ರಂಗದ ನೆಲವನ್ನು ಆಗತಾನೇ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಹಾಡುವ ಹುಡುಗ ಬರಿಗಾಲಿನಲ್ಲಿ ಬಂದು ಮೈಕಿಗೆ ಕೈಯಿಟ್ಟ. ಅದೇ ಹೊತ್ತಿಗೆ ಹಿಂದೆ ಯಾರದೋ ಕಾಲು ಉದ್ದದ ತಂತಿಗೆ ತೊಡರಿತು. ಗುಂಯ್‌ಕಾರ ಭೋರ್ಗರೆಯಿತು, ಹುಡುಗ ‘ಅಮ್ಮಾ’ ಎಂದು ಕೈ ಕೊಡವಿ ಹಿಂದಕ್ಕೆ ಬಿದ್ದ. ಪುಣ್ಯಕ್ಕೆ ಮೈಕನ್ನು ಮುಷ್ಟಿ ಬಿಗಿದು ಹಿಡಿದಿರಲಿಲ್ಲ. ಎದ್ದು ಕುಳಿತು, “ಮೈಕು ಕಚ್ಚಿತು” ಎಂದ.

ಆದದ್ದೇನು? ಪ್ಲಗ್ಗಿನ ದಪ್ಪ ಕಡ್ಡಿ ಭೂಸಂಪರ್ಕದ ಕಡ್ಡಿ. ಉಳಿದ ಎರಡಕ್ಕಿಂತ ಅದು ಉದ್ದವೂ ಹೌದು. ಎಲ್ಲಕ್ಕಿಂತ ಮೊದಲು ಸೇರಿ ಎಲ್ಲಕ್ಕಿಂತ ಕೊನೆಗೆ ಬಿಡಲೆಂದೇ ಹಾಗೆ ಮಾಡಿರುತ್ತಾರೆ. ಯಂತ್ರದೊಳಗೆ ವಿದ್ಯುತ್ತು ಸೋರಿ ಲೋಹದ ಮೈಗೆ ತಾಗಿದರೆ, ಮನುಷ್ಯನ ಮೂಲಕ ಹರಿಯದೆ ಆ ಕಡ್ಡಿಯ ಮೂಲಕ ಮಣ್ಣಿಗಿಳಿಯಬೇಕು. ನಮ್ಮ ಮಿಕ್ಸರಿನ ಒಳಗೆ ಅಂಥ ಸೋರಿಕೆ ಇತ್ತು. ನಾನು ತಂತಿಯನ್ನು ಬಿಚ್ಚಿದ ಮೇಲೆ ಅದಕ್ಕೆ ಭೂಸಂಪರ್ಕವಾಗಿ ಉಳಿದದ್ದು ಧ್ವನಿಯ ತಂತಿಯ ಮೇಲಿನ ತೆಳ್ಳನೆಯ ಜಾಲರಿ ಮಾತ್ರ. ಕಾಲು ತೊಡರಿ ಅದರ ಬೆಸುಗೆಯೂ ಬಿಟ್ಟಿತು. ಆ ಮೇಲೆ ಭೂಮಿಗೆ ಉಳಿದ ದಾರಿ ಆ ಹುಡುಗನ ದೇಹ.

ಅಂದಮೇಲೆ ಮೊದಲು ಕೇಳಿದ ಗುಂಯ್‌ಕಾರಕ್ಕೆ ಕಾರಣವೇನು? ಎರಡು ಗೋಡೆಗಳ ಭೂಸಂಪರ್ಕಗಳು ಸೇರುವುದು ಒಂದೇ ಮಣ್ಣನ್ನಾದರೂ ಸಾಗುವ ದಾರಿಗಳು ಬೇರೆ. ಅವುಗಳ ಮಟ್ಟದಲ್ಲಿ ಅತ್ಯಲ್ಪ ಅಂತರವಿರುತ್ತದೆ. ಬೇರೆ ಬೇರೆ ಮಟ್ಟದ ಎರಡು ಕೆರೆಗಳ ನಡುವೆ ಕಾಲುವೆ ತೋಡಿದರೆ ನೀರು ಹರಿಯುವಂತೆ, ಧ್ವನಿಯ ತಂತಿಯ ಜಾಲರಿಯಲ್ಲಿ ವಿದ್ಯುತ್ತು ಹರಿಯತೊಡಗುತ್ತದೆ. ಹಿಡಿಗಳನ್ನು ಇಳಿಸಿದರೂ ಸದ್ದು ನಿಲ್ಲಲಿಲ್ಲವೆಂದರೆ ದೋಷ ಹಿಡಿಗಳಾಚೆ, ಆ ಉದ್ದದ ತಂತಿಯಲ್ಲಿದೆ ಎಂದು ನಾನು ಆಗಲೇ ತಿಳಿಯಬೇಕಿತ್ತು.

ಇದಕ್ಕೆ ಮದ್ದು ಸುಲಭ. ಎರಡೂ ಯಂತ್ರಗಳಿಗೆ ಒಂದೇ ಕಡೆಯಿಂದ ವಿದ್ಯುತ್ತು ಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ಧ್ವನಿಯ ತಂತಿಯ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು. ಧ್ವನಿ ದಾಟುತ್ತದೆ, ಭೂಸಂಪರ್ಕಗಳು ಪರಸ್ಪರ ತಾಗುವುದಿಲ್ಲ. ಬೆಳಕನ್ನು ಮಂದಗೊಳಿಸುವಾಗ ಮಾತ್ರ ಕರಕರ ಸದ್ದು ಕೇಳಿದರೆ ಅದು ಡಿಮ್ಮರಿನ ಉಪದ್ರವ. ದೀಪದ ತಂತಿಗಳಿಂದ ಧ್ವನಿಯ ತಂತಿಗಳನ್ನು ದೂರ ಎಳೆಯಬೇಕು, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು. ಕತ್ತರಿಸುವುದೇನಿದ್ದರೂ ಧ್ವನಿಯ ದಾರಿಯಲ್ಲಿ. ಪ್ರಾಣ ಕಾಯುವ ಕಡ್ಡಿಯಲ್ಲಿ ಎಂದೆಂದಿಗೂ ಅಲ್ಲ.

ಎಲ್ಲರಿಗೂ ಆ ಹುಡುಗನ ಅದೃಷ್ಟವಿರುವುದಿಲ್ಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವಿ ಎಂಬ ತರುಣ ಗಿಟಾರ್ ವಾದಕರು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ವೇದಿಕೆಯ ಮೇಲೆ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಇಂದು 30 ಮಿಲಿಆಂಪಿಯರ್ ಸೋರಿದರೂ ವಿದ್ಯುತ್ತನ್ನು ಕಡಿದುಬಿಡುವ ರಕ್ಷಕ ಸ್ವಿಚ್ಚುಗಳು ಬಂದಿವೆ. ಹಾಗೆಯೇ ಲ್ಯಾಪ್‌ಟಾಪುಗಳೂ ರಂಗಕ್ಕೆ ಬಂದಿವೆ. ಅವುಗಳನ್ನು ಮಿಕ್ಸರಿಗೆ ಸೇರಿಸಿದೊಡನೆ ಹಳೆಯ ದುಂಬಿ ಮತ್ತೆ ಏಳುತ್ತದೆ, ದಪ್ಪ ಕಡ್ಡಿಯನ್ನು ತಪ್ಪಿಸುವ ಹಳೆಯ ಉಪಾಯವೂ ಮತ್ತೆ ಏಳುತ್ತದೆ.

ಆ ಸಂಜೆ ಸೋರುವ ಮಿಕ್ಸರನ್ನು ಬದಿಗಿಟ್ಟು ಬೇರೊಂದನ್ನು ಎರವಲು ತಂದೆವು. ಭೂಸಂಪರ್ಕದ ಕಡ್ಡಿಯಿದ್ದ ಪ್ಲಗ್ಗಿನ ಉದ್ದನೆಯ ತಂತಿಯೊಂದನ್ನು ರಂಗದ ಪಕ್ಕದಿಂದ ಹಿಂಬದಿಯವರೆಗೆ ಎಳೆದು ಅದಕ್ಕೆ ವಿದ್ಯುತ್ತು ಕೊಟ್ಟೆ. ಗುಂಯ್‌ಕಾರವಿರಲಿಲ್ಲ. ಒಂದು ಗಂಟೆ ತಡವಾಗಿ ನಾಟಕ ಆರಂಭವಾಯಿತು. ತಡವೇಕೆಂದು ಸಭೆ ಗೊಣಗಿತು, ನಾನು ಮಾತಾಡಲಿಲ್ಲ. ಹುಡುಗ ಬಂದು ಮೈಕನ್ನು ಮುಟ್ಟದೆ, ಒಂದು ಮೊಳ ದೂರ ನಿಂತು ಹಾಡಿದ. ಹಾಡು ಮುಗಿಯುವವರೆಗೆ ನಾನು ನೋಡುತ್ತಿದ್ದುದು ಅವನ ಕೈಗಳನ್ನೇ.